ತರಗೆಲೆ ಎಷ್ಟು ಬೇಗ ಮಣ್ಣಾಗುತ್ತದೆ? ಜಾಲರಿ ಚೀಲವಿಟ್ಟು ಅಳೆಯುವ ಬಗೆ

ಉದುರಿದ ಎಲೆ ಕೊಳೆತು ಮಣ್ಣಾಗುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಒಳಹೊಕ್ಕು ನೋಡಿದರೆ ಅಲ್ಲಿ ಮೂರು ಕೆಲಸಗಳು ಒಟ್ಟಿಗೆ ಸಾಗಿರುತ್ತವೆ. ಮಳೆನೀರು ಎಲೆಯೊಳಗಿನ ಸಕ್ಕರೆ, ಪೊಟ್ಯಾಸಿಯಂನಂಥ ಕರಗುವ ಅಂಶಗಳನ್ನು ತೊಳೆದು ಒಯ್ಯುತ್ತದೆ. ಎರೆಹುಳು, ಸಹಸ್ರಪದಿ, ಗೆದ್ದಲು, ನುಸಿಗಳು ಎಲೆಯನ್ನು ಚೂರು ಮಾಡಿ ತಿಂದು ಹಿಕ್ಕೆ ಹಾಕುತ್ತವೆ. ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಮೈಯಿಂದ ಹೊರಗೆ ಕಿಣ್ವ ಸುರಿಸಿ, ಎಲೆಯನ್ನು ಇದ್ದಲ್ಲೇ ಕರಗಿಸಿ ಹೀರಿಕೊಳ್ಳುತ್ತವೆ. ಎಲೆಯ ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಗಾಳಿಗೆ ಮರಳಿಸುವ ಕೆಲಸದ ಬಹುಪಾಲು ಈ ಕೊನೆಯ ಗುಂಪಿನದು. ಕಟ್ಟುನಿಟ್ಟಾಗಿ ವಿಘಟಕಗಳೆಂದರೆ ಇವೇ. ಚೂರು ಮಾಡುವ ಪ್ರಾಣಿಗಳು ಇವುಗಳಿಗೆ ದಾರಿ ಮಾಡಿಕೊಡುತ್ತವೆ. ಒಂದು ಸೆಂ.ಮೀ. ಬದಿಯ ಮರದ ತುಂಡಿನ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ ಒಂದು ಮಿ.ಮೀ. ಬದಿಯ ಚೂರುಗಳಾಗಿ ಒಡೆದರೆ 60 ಚದರ ಸೆಂ.ಮೀ. ಅಂದರೆ ಶಿಲೀಂಧ್ರಕ್ಕೆ ಕೈಹಚ್ಚಲು ಹತ್ತು ಪಟ್ಟು ಜಾಗ.

ಈ ಕೆಲಸದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ತಕ್ಕಡಿಯಲ್ಲಿ ತೂಗಿ ಹೇಳಬಹುದು. ಎಲೆಯನ್ನು ತೂಗಿ, ಬೇರೆ ಬೇರೆ ಅಳತೆಯ ಕಣ್ಣುಗಳಿರುವ (ತೂತುಗಳಿರುವ) ಜಾಲರಿ ಚೀಲಗಳಲ್ಲಿ ತುಂಬಿ, ನೆಲದ ಮೇಲಿಟ್ಟು, ಇಂತಿಷ್ಟು ದಿನಕ್ಕೊಮ್ಮೆ ತೆಗೆದು ಮತ್ತೆ ತೂಗುವುದು. ಬೊಕಾಕ್ ಮತ್ತು ಗಿಲ್ಬರ್ಟ್ 1957ರಲ್ಲಿ ಇಂಗ್ಲೆಂಡಿನ ಕಾಡುಗಳಲ್ಲಿ ಬಳಸಿದ ವಿಧಾನ ಇದು. ಇಷ್ಟು ವರ್ಷಗಳ ಮೇಲೂ ಪರಿಸರ ವಿಜ್ಞಾನಿಗಳು ಇದನ್ನು ಬಿಟ್ಟಿಲ್ಲ. ಖರ್ಚು ಕಡಿಮೆ. ಆದರೆ ಸಣ್ಣ ಅಜಾಗರೂಕತೆಯಿಂದ ಇಡೀ ಲೆಕ್ಕ ತಪ್ಪುತ್ತದೆ. ಆದ್ದರಿಂದ ಇಲ್ಲಿ ತಪ್ಪುವ ಜಾಗಗಳ ಬಗ್ಗೆಯೇ ಹೆಚ್ಚು ಹೇಳಿದ್ದೇವೆ.

ಎಲೆ ಆರಿಸುವುದು

ಮರದಿಂದ ಹಸಿರೆಲೆ ಕಿತ್ತು ತರಬೇಡಿ. ಎಲೆ ಉದುರಿಸುವ ಮೊದಲು ಮರ ಅದರೊಳಗಿನ ಸಾರಜನಕ ಮತ್ತು ರಂಜಕದ ಸುಮಾರು ಅರ್ಧದಷ್ಟನ್ನು ಕೊಂಬೆಗೆ ಹಿಂದಕ್ಕೆ ಎಳೆದುಕೊಂಡಿರುತ್ತದೆ. ಹಸಿರೆಲೆಯಲ್ಲಿ ಅದಷ್ಟೂ ಉಳಿದಿರುವುದರಿಂದ ಅದು ತರಗೆಲೆಗಿಂತ ಬೇಗ ಕೊಳೆಯುತ್ತದೆ, ನಿಮ್ಮ ಅಂಕಿ ನಿಜಕ್ಕಿಂತ ಮೇಲಕ್ಕೆ ಹೋಗುತ್ತದೆ. ನೆಲದಲ್ಲಿ ಬಹುದಿನ ಬಿದ್ದಿದ್ದ ಎಲೆಯೂ ಬೇಡ. ಅದರಲ್ಲಿ ಕೊಳೆಯುವಿಕೆ ಆಗಲೇ ಶುರುವಾಗಿರುತ್ತದೆ. ಮರದಡಿ ಬಟ್ಟೆಯನ್ನೋ ಬಲೆಯನ್ನೋ ಹರಡಿ, ಒಂದೆರಡು ದಿನದಲ್ಲಿ ಬಿದ್ದದ್ದನ್ನು ಮಾತ್ರ ಆರಿಸಿಕೊಳ್ಳಿ. ಮಳೆಗೆ ನೆನೆದದ್ದನ್ನು ಬಿಟ್ಟುಬಿಡಿ.

ಎರಡು ಜಾತಿಯ ಎಲೆ ಇಟ್ಟುಕೊಂಡರೆ ಫಲಿತಾಂಶ ಮಾತಾಡುತ್ತದೆ: ದ್ವಿದಳ ಜಾತಿಯ ಮರದ ತೆಳುವಾದ ಎಲೆ ಒಂದು, ಚರ್ಮದಂತೆ ದಪ್ಪಗಿರುವ ಎಲೆ ಇನ್ನೊಂದು. ಎರಡನ್ನೂ ಒಂದೇ ಚೀಲದಲ್ಲಿ ಬೆರೆಸಬೇಡಿ.

ಎಲೆಗಳನ್ನು ನೆರಳಲ್ಲಿ ಒಂದರಿಂದ ಎರಡು ವಾರ ಹರಡಿ ಒಣಗಿಸಿ. ಚೀಲಕ್ಕೆ ಹೋಗುವ ಎಲೆಯನ್ನು ಓವನ್‌ಗೆ ಹಾಕಬಾರದು. ಬಿಸಿಗೆ ಎಲೆಯ ರಾಸಾಯನಿಕ ರಚನೆಯೇ ಬದಲಾಗುತ್ತದೆ. ಆದರೆ ನೆರಳಲ್ಲಿ ಒಣಗಿದ ಎಲೆಯಲ್ಲಿ ತೇವ ಉಳಿದೇ ಇರುತ್ತದೆ, ಲೆಕ್ಕಕ್ಕೆ ಅಪ್ಪಟ ಒಣತೂಕ ಬೇಕು. ಇದಕ್ಕೊಂದು ಉಪಾಯವಿದೆ. ಅದೇ ರಾಶಿಯಿಂದ 5 ಗ್ರಾಂನ ಐದು ಪಾಲು ಬೇರೆ ತೆಗೆದಿಡಿ. ಅವನ್ನು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಒಣಗಿಸಿ ತೂಗಿ. 5.00 ಗ್ರಾಂ ಇಳಿದು 4.55 ಆದರೆ ಗುಣಕ 0.91. ಚೀಲಕ್ಕೆ 10.0 ಗ್ರಾಂ ತುಂಬಿದರೆ ನಿಜವಾದ ಆರಂಭಿಕ ಒಣತೂಕ 9.10 ಗ್ರಾಂ. ಈ ಗುಣಕವನ್ನು ಚೀಲ ತುಂಬುವ ದಿನವೇ ತೆಗೆಯಬೇಕು. ಗಾಳಿಯ ತೇವ ಬದಲಾದ ಹಾಗೆ ಎಲೆಯ ತೂಕವೂ ಬದಲಾಗುತ್ತಿರುತ್ತದೆ.

ಚೀಲ ಹೊಲಿಯುವುದು

20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಚೀಲಕ್ಕೆ 10 ಗ್ರಾಂ ಎಲೆ ಸರಿಯಾಗಿ ಹಿಡಿಸುತ್ತದೆ. ಇನ್ನೂ ಗಿಡಿದರೆ ಎಲೆಗಳು ಒತ್ತಾಗಿ ನಡುವೆ ಗಾಳಿಯಾಡುವುದಿಲ್ಲ. ಜಾಲರಿ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಹತ್ತಿ, ಸೆಣಬು ಎರಡೂ ಆಗುವುದಿಲ್ಲ, ಎಲೆಯ ಜೊತೆ ಚೀಲವೂ ಕೊಳೆತು ಹೋಗುತ್ತದೆ. ಎಷ್ಟೋ ಸಲ ನೈಲಾನ್ ಜಾಲರಿ ತಂದವರು ಹತ್ತಿ ನೂಲಲ್ಲಿ ಹೊಲಿದುಬಿಡುತ್ತಾರೆ. ಎರಡು ಮೂರು ತಿಂಗಳಿಗೆ ಹೊಲಿಗೆ ಬಿಚ್ಚಿ ಎಲೆ ಹೊರಗೆ ಚೆಲ್ಲಿರುತ್ತದೆ. ನೂಲೂ ನೈಲಾನ್‌ನದ್ದೇ ಇರಬೇಕು.

ಜಾಲರಿಯ ಕಣ್ಣು ಮೂರು ಅಳತೆಯದಿರಲಿ. 0.05 ಮಿ.ಮೀ. ಕಣ್ಣಿನ ಬಟ್ಟೆಯೊಳಗೆ ಬ್ಯಾಕ್ಟೀರಿಯಾ, ಶಿಲೀಂಧ್ರದ ಎಳೆಗಳು, ಏಕಕೋಶ ಜೀವಿಗಳು, ತೀರ ಸಣ್ಣ ದುಂಡುಹುಳುಗಳು ಮಾತ್ರ ಹೋಗಬಲ್ಲವು. 2 ಮಿ.ಮೀ. ಕಣ್ಣಿನಲ್ಲಿ ನುಸಿ, ಸ್ಪ್ರಿಂಗ್‌ಟೇಲ್ ಎಂಬ ಜಿಗಿಯುವ ಪುಟ್ಟ ಜೀವಿಗಳೂ ಸೇರಿಕೊಳ್ಳುತ್ತವೆ. 5 ಮಿ.ಮೀ. ಅಥವಾ ಹೆಚ್ಚಿನ ಕಣ್ಣಿನಲ್ಲಿ ಎರೆಹುಳು, ಸಹಸ್ರಪದಿ, ದುಂಬಿಯ ಮರಿಹುಳು ಎಲ್ಲಕ್ಕೂ ಪ್ರವೇಶ. ಎಡ್ವರ್ಡ್ಸ್ ಮತ್ತು ಹೀತ್ 1963ರಲ್ಲಿ ಓಕ್ ಮತ್ತು ಬೀಚ್ ಮರಗಳ ಎಲೆಯ ಬಿಲ್ಲೆಗಳನ್ನು ಹೀಗೆ ಬೇರೆ ಬೇರೆ ಕಣ್ಣಿನ ಚೀಲಗಳಲ್ಲಿ ಹೂತಿಟ್ಟು ನೋಡಿದರು. ಪ್ರಾಣಿಗಳಿಗೆ ಪ್ರವೇಶವಿಲ್ಲದ ಅತಿ ಸಣ್ಣ ಕಣ್ಣಿನ ಚೀಲದಲ್ಲಿ ಒಂಬತ್ತು ತಿಂಗಳಾದರೂ ಎಲೆ ಕಣ್ಣಿಗೆ ಕಾಣುವಂತೆ ಒಡೆದಿರಲಿಲ್ಲ. ಚೂರು ಮಾಡುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ದೊಡ್ಡ ಕಣ್ಣಿನ ಚೀಲಕ್ಕೆ ಒಂದು ದೋಷವಿದೆ. ಎಲೆ ಚೂರಾದಾಗ ಚೂರುಗಳು ಕೆಳಗೆ ಸೋರುತ್ತವೆ. ಕೊಳೆಯದ ಎಲೆಯೂ ಕೊಳೆತದ್ದರ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಮೇಲ್ಭಾಗಕ್ಕೆ ದೊಡ್ಡ ಕಣ್ಣಿನ ಜಾಲರಿ, ಕೆಳಭಾಗಕ್ಕೆ ಸಣ್ಣ ಕಣ್ಣಿನದು ಹಾಕಿ ಹೊಲಿಯಿರಿ. ಎರೆಹುಳು ಕೆಳಗಿನಿಂದ ಬರುವುದು ತಪ್ಪುತ್ತದಲ್ಲ ಎಂದರೆ ನಿಜವೇ, ಪಕ್ಕದ ಅಂಚಿಗೂ ಸ್ವಲ್ಪ ದೊಡ್ಡ ಕಣ್ಣಿನ ಪಟ್ಟಿ ಕೊಟ್ಟರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಗುರುತಿನ ಚೀಟಿಗೆ ಪೆನ್ನಿನ ಶಾಯಿ ನಂಬಬೇಡಿ. ಅಲ್ಯೂಮಿನಿಯಂ ತುಂಡಿನ ಮೇಲೆ ಮೊಳೆಯಿಂದ ಅಂಕಿ ಕೊರೆದು, ಒಂದನ್ನು ಚೀಲದ ಒಳಗೆ ಹಾಕಿ, ಇನ್ನೊಂದನ್ನು ಹೊರಗೆ ಕಟ್ಟಿ.

ಎಷ್ಟು ಚೀಲ, ಎಷ್ಟು ದಿನ

ಮೂರು ಜಾಲರಿ, ಐದು ಸಲ ತೆಗೆಯುವುದು, ಪ್ರತಿ ಸಲಕ್ಕೂ ಐದೈದು ಚೀಲ: ಒಂದು ಜಾತಿಯ ಎಲೆಗೆ 75 ಚೀಲ. ಅಷ್ಟು ಆಗದಿದ್ದರೆ ಎರಡು ಜಾಲರಿ, ನಾಲ್ಕು ಸಲ, ನಾಲ್ಕು ಚೀಲದಂತೆ 32ಕ್ಕೆ ಇಳಿಸಬಹುದು. ಅದಕ್ಕಿಂತ ಕೆಳಗೆ ಹೋಗುವುದನ್ನು ನಾವು ಒಪ್ಪುವುದಿಲ್ಲ. ಒಂದು ಚೀಲಕ್ಕೂ ಪಕ್ಕದ ಚೀಲಕ್ಕೂ ಇರುವ ವ್ಯತ್ಯಾಸವೇ ಅಷ್ಟು ದೊಡ್ಡದು.

ತೆಗೆಯುವ ದಿನಗಳು ಸಮಾನ ಅಂತರದಲ್ಲಿ ಇರಬೇಕಾಗಿಲ್ಲ. ಮೊದಲ ಕೆಲವು ವಾರಗಳಲ್ಲಿ ಕರಗುವ ಅಂಶ ತೊಳೆದುಹೋಗಿ ತೂಕ ಧಡಕ್ಕನೆ ಇಳಿಯುತ್ತದೆ. ಆಮೇಲೆ ಎಲೆಯ ನಾರಾದ ಸೆಲ್ಯುಲೋಸ್, ಕೊನೆಗೆ ಎಲೆಗೆ ಗಟ್ಟಿತನ ಕೊಡುವ ಲಿಗ್ನಿನ್ ಉಳಿದಂತೆಲ್ಲ ವೇಗ ತಗ್ಗುತ್ತದೆ. ಬೆಚ್ಚಗೆ ತೇವವಾಗಿರುವ ಕಡೆ 15, 30, 60, 120, 240ನೇ ದಿನಗಳು ಹೊಂದುತ್ತವೆ. ಚಳಿ ಅಥವಾ ಒಣ ಪ್ರದೇಶದಲ್ಲಿ ಎರಡು ವರ್ಷದವರೆಗೆ ಹಂಚಿಕೊಳ್ಳಬೇಕು.

ಇವಲ್ಲದೆ ಐದು ಚೀಲ ಹೆಚ್ಚಿಗೆ ಮಾಡಿ. ಅವನ್ನೂ ಉಳಿದವುಗಳ ಜೊತೆಗೇ ಒಯ್ದು, ನೆಲದ ಮೇಲಿಟ್ಟು, ಅಂದೇ ವಾಪಸು ತಂದು ತೂಗಿ. ಸಾಗಾಟದಲ್ಲೇ ಪುಡಿಯಾಗಿ ಉದುರಿದ್ದು ಎಷ್ಟು ಎಂದು ಗೊತ್ತಾಗುತ್ತದೆ. 10.0 ಗ್ರಾಂನಲ್ಲಿ 0.2 ಹೋಗಿದ್ದರೆ ಎಲ್ಲ ಚೀಲಗಳ ಆರಂಭಿಕ ತೂಕದಿಂದಲೂ ಶೇ. 2 ಕಳೆಯಬೇಕು.

ನೆಲಕ್ಕೆ ಇಡುವುದು

ಜಾಗವನ್ನು ಐದು ತುಂಡುಗಳಾಗಿ ಆರಿಸಿ, ಒಂದಕ್ಕೊಂದು ಕೆಲವು ಮೀಟರ್ ದೂರವಿರಲಿ. ಪ್ರತಿ ತುಂಡಿನಲ್ಲೂ ಎಲ್ಲ ಬಗೆಯ, ಎಲ್ಲ ದಿನಗಳ ಚೀಲ ಒಂದೊಂದು ಇರಬೇಕು. ಎಲ್ಲ ಸಣ್ಣ ಕಣ್ಣಿನವು ಮರದ ನೆರಳಲ್ಲಿ, ದೊಡ್ಡ ಕಣ್ಣಿನವು ಬಿಸಿಲಲ್ಲಿ ಬಿದ್ದರೆ ನೀವು ಅಳೆಯುವುದು ಜೀವಿಗಳ ಕೆಲಸವನ್ನಲ್ಲ, ನೆರಳು ಬಿಸಿಲುಗಳ ವ್ಯತ್ಯಾಸವನ್ನು. ಅಲ್ಲಿರುವ ಹಳೆಯ ತರಗೆಲೆಯನ್ನು ಪಕ್ಕಕ್ಕೆ ಸರಿಸಿ, ಚೀಲದ ಹೊಟ್ಟೆ ಮಣ್ಣಿಗೆ ಪೂರಾ ತಾಗುವಂತೆ ಒತ್ತಿಟ್ಟು, ನಾಲ್ಕು ಮೂಲೆಗೂ ಮೊಳೆ ಹೊಡೆಯಿರಿ. ಚೀಲ ಮಣ್ಣಿನಿಂದ ಎರಡು ಬೆರಳು ಮೇಲೆದ್ದಿದ್ದರೂ ಬೇಗ ಒಣಗಿ ಕೆಲಸ ನಿಲ್ಲುತ್ತದೆ. ತಾಮ್ರದ ತಂತಿ, ತಾಮ್ರದ ಮೊಳೆ ಬೇಡ, ತಾಮ್ರ ಶಿಲೀಂಧ್ರಗಳಿಗೆ ವಿಷ. ಮೊಳೆಯಿಂದ ಮೊಳೆಗೆ ದಾರ ಕಟ್ಟಿ, ಕೈಯಲ್ಲಿ ನಕ್ಷೆ ಬರೆದಿಟ್ಟುಕೊಳ್ಳಿ. ಆರು ತಿಂಗಳಲ್ಲಿ ಹೊಸ ಎಲೆ ಬಿದ್ದು ಎಲ್ಲ ಮುಚ್ಚಿರುತ್ತದೆ.

ತೆಗೆದ ಮೇಲೆ, ಒಣಗಿಸುವ ಮೊದಲು

ಇಲ್ಲಿ ಆತುರಪಡಬೇಡಿ. ಚೀಲದೊಳಗೆ ಈಗ ಜೀವ ತುಂಬಿದೆ. ಪ್ರತಿ ಚೀಲವನ್ನೂ ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಅಲುಗಾಡಿಸದೆ ತನ್ನಿ. ಹಸಿಯಾಗಿರುವಾಗಲೇ ಒಮ್ಮೆ ತೂಗಿ ಬರೆದಿಡಿ, ಇದರ ಉಪಯೋಗ ಮುಂದೆ ಬರುತ್ತದೆ. ಆಮೇಲೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನರಗಳಷ್ಟೇ ಉಳಿದು ನಡುವಿನ ಭಾಗ ಬಲೆಯಂತಾಗಿದ್ದರೆ ಅದು ಸಣ್ಣ ಪ್ರಾಣಿಗಳು ಕೆರೆದು ತಿಂದ ಗುರುತು. ಅಂಚಿನಿಂದ ಕಚ್ಚಿ ತೆಗೆದಂತಿದ್ದರೆ ದೊಡ್ಡವುಗಳದು. ಎರಡು ಎಲೆಗಳು ಅಂಟಿಕೊಂಡು, ಬಿಡಿಸುವಾಗ ಬಿಳಿ ನೂಲಿನಂಥ ಎಳೆಗಳು ಹಿಗ್ಗಿ ಪಟ್ಟನೆ ತುಂಡಾದರೆ ಅದು ಶಿಲೀಂಧ್ರ. ಆ ಎಳೆಯ ಸುತ್ತ ಎಲೆಯ ಬಣ್ಣ ಬಿಳಿಚಿಕೊಂಡಿದ್ದರೆ ಅಲ್ಲಿ ಲಿಗ್ನಿನ್ ಒಡೆಯುತ್ತಿದೆ ಎಂದರ್ಥ. ಎಲೆಗೆ ಕಂದು ಬಣ್ಣ, ಗಟ್ಟಿತನ ಕೊಡುವ ಲಿಗ್ನಿನ್ ಅನ್ನು ಪೂರ್ತಿ ಕರಗಿಸಬಲ್ಲ ಜೀವಿಗಳು ಕಡಿಮೆ, ಬಿಳಿ ಕೊಳೆ ತರುವ ಶಿಲೀಂಧ್ರಗಳು ಅವುಗಳಲ್ಲಿ ಮುಖ್ಯ. ಸತ್ತ ಮರದ ದಿಮ್ಮಿಯಲ್ಲೂ ಇದನ್ನು ಗುರುತಿಸಬಹುದು: ನಾರುನಾರಾಗಿ ಬೆಳ್ಳಗಾಗಿದ್ದರೆ ಬಿಳಿ ಕೊಳೆ, ಕಂದಾಗಿ ಚೌಕ ಚೌಕ ಬಿರಿದು ಬೆರಳಲ್ಲಿ ಪುಡಿಯಾದರೆ ಕಂದು ಕೊಳೆ. ಎರಡನೆಯದರಲ್ಲಿ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿದಿರುತ್ತದೆ.

ಒಳಗಿನ ಪ್ರಾಣಿಗಳನ್ನು ಇಳಿಸಿಕೊಳ್ಳಲು ಆಲಿಕೆ ಬೇಕು. ಇಟಲಿಯ ಬರ್ಲೇಸೆ 1905ರಲ್ಲಿ ಬಿಸಿನೀರಿನ ಶಾಖದಿಂದ ನಡೆಯುವ ಆಲಿಕೆ ಮಾಡಿದ್ದರು, ಸ್ವೀಡನ್ನಿನ ತುಲ್‌ಗ್ರೆನ್ 1918ರಲ್ಲಿ ಅದಕ್ಕೆ ಬಲ್ಬ್ ಸೇರಿಸಿದರು. ತತ್ವ ಸರಳ: ಮೇಲಿನಿಂದ ಬಿಸಿಯೂ ಬೆಳಕೂ ಇಳಿದಂತೆ, ತೇವ ಹುಡುಕಿಕೊಂಡು ಪ್ರಾಣಿಗಳು ಕೆಳಕ್ಕೆ ಹೋಗಿ ಬಾಟಲಿಗೆ ಬೀಳುತ್ತವೆ. ಬಾಯಿ ಅಗಲ 25–30 ಸೆಂ.ಮೀ. ಇರುವ ನುಣುಪಾದ ಆಲಿಕೆ, ಅದರೊಳಗೆ 2–5 ಮಿ.ಮೀ. ಕಣ್ಣಿನ ತಂತಿ ಜಾಲರಿ, ಕೆಳಗೆ ಶೇ. 70ರ ಆಲ್ಕೊಹಾಲ್ ಇರುವ ಬಾಟಲಿ, ಮೇಲೆ 20–25 ಸೆಂ.ಮೀ. ಎತ್ತರದಲ್ಲಿ 25 ವ್ಯಾಟ್‌ನ ತಂತಿ ಬಲ್ಬ್. ಎಲ್‌ಇಡಿ ಬಲ್ಬ್ ನಡೆಯುವುದಿಲ್ಲ, ಅದಕ್ಕೆ ಬೇಕಾದಷ್ಟು ಬಿಸಿ ಇಲ್ಲ. ಎಲೆಯನ್ನು ಜಾಲರಿಯ ಮೇಲೆ ಇಟ್ಟು ಉದುರುವ ಪುಡಿಯೆಲ್ಲ ಉದುರಿದ ಮೇಲೆ ಬಾಟಲಿ ಇಡಿ, ಇಲ್ಲದಿದ್ದರೆ ಪ್ರಾಣಿಗಳನ್ನು ಕಸದಲ್ಲಿ ಹುಡುಕಬೇಕಾಗುತ್ತದೆ. ಐದರಿಂದ ಏಳು ದಿನ ಹಾಗೇ ಬಿಡಿ. ಬೇಗ ಮುಗಿಯಲೆಂದು ದೊಡ್ಡ ಬಲ್ಬ್ ಹಾಕಿದರೆ ಸ್ಪ್ರಿಂಗ್‌ಟೇಲ್‌ನಂಥ ಮೆತ್ತನೆಯ ಜೀವಿಗಳು ದಾರಿಯಲ್ಲೇ ಒಣಗಿ ಸಾಯುತ್ತವೆ, ಬಾಟಲಿಯಲ್ಲಿ ಗಟ್ಟಿ ಚಿಪ್ಪಿನವು ಮಾತ್ರ ಸಿಕ್ಕು ಚಿತ್ರವೇ ತಪ್ಪಾಗುತ್ತದೆ. ಆಲ್ಕೊಹಾಲ್ ಬೆಂಕಿ ಹಿಡಿಯುವ ವಸ್ತು. ಒಣ ಎಲೆ ಬಲ್ಬಿಗೆ ತಾಗದಂತೆ, ಬಾಟಲಿ ಬಿಸಿಯಾಗದಂತೆ ಇರಲೇಬೇಕು.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಎಳ್ಳಿಗಿಂತ ಚಿಕ್ಕದಾಗಿ, ದುಂಡಗೆ, ಕಂದಾಗಿ ಹೊಳೆಯುವವು ಚಿಪ್ಪುನುಸಿಗಳು. ಹೊಟ್ಟೆಯಡಿ ಮಡಚಿದ ಕವಲು ಬಾಲವಿದ್ದರೆ ಸ್ಪ್ರಿಂಗ್‌ಟೇಲ್, ಆ ಬಾಲ ಸಿಡಿಸಿ ಜಿಗಿಯುವುದರಿಂದಲೇ ಆ ಹೆಸರು. ಚೇಳಿನಂಥ ಇಕ್ಕಳವಿದ್ದು ಬಾಲವಿಲ್ಲದ್ದು ಹುಸಿಚೇಳು, ಅದು ತರಗು ತಿನ್ನುವುದಲ್ಲ, ತಿನ್ನುವವರನ್ನು ತಿನ್ನುವುದು. ದುಂಡುಹುಳುಗಳು ಈ ಆಲಿಕೆಯಲ್ಲಿ ಇಳಿಯುವುದಿಲ್ಲ, ಅವಕ್ಕೆ ನೀರಿನ ಪದರ ಬೇಕು.

ತೂಕ, ಬೂದಿ, ಲೆಕ್ಕ

ಆಲಿಕೆಯಿಂದ ತೆಗೆದ ಎಲೆಯಲ್ಲಿ ನುಗ್ಗಿದ ಬೇರು, ಪಾಚಿ, ಹೊರಗಿನ ಕಡ್ಡಿ ತೆಗೆದು, ಮಣ್ಣನ್ನು ಮೆತ್ತನೆಯ ಬ್ರಷ್‌ನಿಂದ ಒರೆಸಿ. ನೀರಲ್ಲಿ ಉಜ್ಜಿ ತೊಳೆದರೆ ಕೊಳೆತ ಎಲೆಯೂ ಕರಗಿ ಹೋಗುತ್ತದೆ. 65 ಡಿಗ್ರಿಯಲ್ಲಿ 48 ಗಂಟೆ ಒಣಗಿಸಿ, ಎರಡು ಸಲ ತೂಗಿದಾಗ ಒಂದೇ ತೂಕ ಬರುವವರೆಗೆ ಇಟ್ಟು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ.

ಎಷ್ಟು ಒರೆಸಿದರೂ ಎಲೆಯಲ್ಲಿ ಮಣ್ಣು ಉಳಿಯುತ್ತದೆ. ಕೊನೆಕೊನೆಗೆ ಚೀಲದ ತೂಕ ಇಳಿಯುವ ಬದಲು ಏರಿದ್ದೂ ಉಂಟು. ಆದ್ದರಿಂದ ಪ್ರತಿ ಚೀಲದ ಒಂದು ಪಾಲನ್ನು ಅರೆದು, 500 ಡಿಗ್ರಿಯ ಕುಲುಮೆಯಲ್ಲಿ 4 ಗಂಟೆ ಸುಟ್ಟು ಬೂದಿ ತೂಗಬೇಕು. ಸುಟ್ಟುಹೋದದ್ದು ಎಲೆ, ಉಳಿದದ್ದು ಖನಿಜ ಮತ್ತು ಮಣ್ಣು. ಇದು ಎಷ್ಟು ಮುಖ್ಯವೆಂದು ಅಂಕಿಯಲ್ಲೇ ನೋಡಿ. ಆರಂಭದಲ್ಲಿ 9.10 ಗ್ರಾಂ, ಬೂದಿ ಶೇ. 6, ಅಂದರೆ ಸುಡುವ ಅಂಶ 8.55 ಗ್ರಾಂ. 120ನೇ ದಿನ ತೂಕ 6.00 ಗ್ರಾಂ, ಬೂದಿ ಶೇ. 20, ಸುಡುವ ಅಂಶ 4.80 ಗ್ರಾಂ. ಉಳಿದ ಪಾಲು 4.80 ಭಾಗಿಸು 8.55, ಅಂದರೆ 0.561.

ಪರಿಸರ ವಿಜ್ಞಾನಿ ಓಲ್ಸನ್ 1963ರಲ್ಲಿ ಕೊಟ್ಟ ಸೂತ್ರದಂತೆ, ಉಳಿದ ಪಾಲಿನ ಸ್ವಾಭಾವಿಕ ಲಾಗರಿದಮ್ ತೆಗೆದು, ಋಣ ಚಿಹ್ನೆ ಬಿಟ್ಟು, ವರ್ಷಗಳಲ್ಲಿ ಅಳೆದ ಕಾಲದಿಂದ ಭಾಗಿಸಿದರೆ ಕೊಳೆಯುವ ದರ ಸಿಗುತ್ತದೆ. 0.561ಕ್ಕೆ ಲಾಗರಿದಮ್ 0.578. 120 ದಿನವೆಂದರೆ 0.329 ವರ್ಷ. ದರ ವರ್ಷಕ್ಕೆ 1.76. ಅರ್ಧ ಎಲೆ ಕರಗಲು ಬೇಕಾದ ಕಾಲ 0.693 ಭಾಗಿಸು 1.76, ಸುಮಾರು 144 ದಿನ. ಬೂದಿ ಲೆಕ್ಕ ಬಿಟ್ಟು 6.00 ಅನ್ನು 9.10ರಿಂದ ಭಾಗಿಸಿ ಇದೇ ಲೆಕ್ಕ ಮಾಡಿದ್ದರೆ ಸುಮಾರು 200 ದಿನ ಎಂದು ಬರುತ್ತಿತ್ತು. ಕುಲುಮೆ ಸಿಗದವರು ಚೀಲದಡಿ ಸಣ್ಣ ಕಣ್ಣಿನ ಜಾಲರಿ ಇಟ್ಟು, ಒರೆಸುವುದರಲ್ಲಿ ಇನ್ನಷ್ಟು ತಾಳ್ಮೆ ತೋರಬೇಕು. ಅಂಥ ಅಂಕಿಯನ್ನು ಬೂದಿ ತೆಗೆದ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬಾರದು.

ಇದು ಒಂದೇ ದಿನದ ಅಂಕಿಯಿಂದ ಮಾಡಿದ ಲೆಕ್ಕ. ಐದೂ ದಿನಗಳ ಲಾಗರಿದಮ್‌ಗಳನ್ನು ಕಾಲದ ಎದುರು ಗುರುತಿಸಿ ಗೆರೆ ಎಳೆದರೆ ಹೆಚ್ಚು ಭರವಸೆಯ ದರ ಸಿಗುತ್ತದೆ. ಗೆರೆ ಕೊನೆಯಲ್ಲಿ ಚಪ್ಪಟೆಯಾದರೆ ಗಾಬರಿ ಬೇಡ, ಲಿಗ್ನಿನ್‌ನ ಸರದಿ ಬಂದಿದೆ ಎಂದಷ್ಟೇ.

ಜಾಲರಿಗಳ ನಡುವಿನ ವ್ಯತ್ಯಾಸ

ದೊಡ್ಡ ಕಣ್ಣಿನ ಚೀಲದಲ್ಲಿ ಹೋದ ತೂಕದಿಂದ ಸಣ್ಣ ಕಣ್ಣಿನದರಲ್ಲಿ ಹೋದ ತೂಕ ಕಳೆದರೆ ಪ್ರಾಣಿಗಳ ಪಾಲು ಸಿಕ್ಕಿತೆಂದು ತೀರ್ಮಾನಿಸುವ ಮೊದಲು, ಬರೆದಿಟ್ಟ ಹಸಿತೂಕ ನೋಡಿ. ಸಣ್ಣ ಕಣ್ಣಿನ ಬಟ್ಟೆ ತೇವ ಹಿಡಿದಿಡುತ್ತದೆ. ಒಣ ಹವೆಯಲ್ಲಿ ಅದರೊಳಗಿನ ಸೂಕ್ಷ್ಮಜೀವಿಗಳು ದೊಡ್ಡ ಕಣ್ಣಿನ ಚೀಲದವಕ್ಕಿಂತ ಚುರುಕಾಗಿರುತ್ತವೆ, ಆಗ ಪ್ರಾಣಿಗಳ ಪಾಲು ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಎರಡರ ತೇವ ಹೆಚ್ಚುಕಡಿಮೆ ಒಂದೇ ಇದ್ದರೆ ಮಾತ್ರ ಕಳೆಯುವ ಲೆಕ್ಕಕ್ಕೆ ಬೆಲೆ. ಇನ್ನೊಂದು ಮಾತು: ಪ್ರಾಣಿಗಳ ಪಾಲೆಂದು ಬರುವ ಅಂಕಿಯಲ್ಲಿ ಅವು ತಾವೇ ಜೀರ್ಣಿಸಿದ್ದು ಸ್ವಲ್ಪ. ಹೆಚ್ಚಿನದು ಅವು ಚೂರು ಮಾಡಿ ಕೊಟ್ಟದ್ದರಿಂದ ಸೂಕ್ಷ್ಮಜೀವಿಗಳು ಬೇಗ ಮುಗಿಸಿದ್ದು, ಇಲ್ಲವೇ ಹಿಕ್ಕೆಯಾಗಿ ಚೀಲದ ಹೊರಗೆ ಹೋದದ್ದು.

ಗೆದ್ದಲು ಹೊಕ್ಕ ಚೀಲ ಬೇರೆಯೇ ಕಥೆ. ಎಲೆ ಪೂರ್ತಿ ಹೋಗಿ ಚೀಲದಲ್ಲಿ ಮಣ್ಣಷ್ಟೇ ತುಂಬಿರಬಹುದು. ಪ್ರಯೋಗ ಕೆಟ್ಟಿತೆಂದು ಅದನ್ನು ಎಸೆಯುವವರೇ ಹೆಚ್ಚು, ಅದು ದೊಡ್ಡ ತಪ್ಪು. ಬೆಚ್ಚಗಿನ ನಾಡುಗಳಲ್ಲಿ ಹಲವೆಡೆ ಚೂರು ಮಾಡುವ ಪ್ರಾಣಿಗಳಲ್ಲಿ ಗೆದ್ದಲು ಮುಖ್ಯ ಕೆಲಸಗಾರ. ಗುರುತು ಹಾಕಿ ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳಿ.

ಸಾರಜನಕ ಅಳೆಯುವ ಅವಕಾಶವಿದ್ದರೆ ಬಿಡಬೇಡಿ. ಎಲೆಯ ತೂಕ ಇಳಿಯುತ್ತಿದ್ದರೂ ಮೊದಲ ತಿಂಗಳುಗಳಲ್ಲಿ ಅದರೊಳಗಿನ ಸಾರಜನಕ ಏರುವುದನ್ನು ಕಾಣುತ್ತೀರಿ. ಸೂಕ್ಷ್ಮಜೀವಿಯ ಮೈಯಲ್ಲಿ ಸುಮಾರು 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ. ಅದು ತಿಂದ ಇಂಗಾಲದಲ್ಲಿ ಮೂರನೇ ಎರಡು ಭಾಗ ಉಸಿರಾಟಕ್ಕೆ ಹೋಗುವುದರಿಂದ, ಆಹಾರದಲ್ಲಿ 24ಕ್ಕೆ 1ರಷ್ಟು ಸಾರಜನಕವಿದ್ದರೆ ಸರಿದೂಗುತ್ತದೆ. ಒಣಹುಲ್ಲಿನಲ್ಲಿ ಈ ಪ್ರಮಾಣ 80ಕ್ಕೆ 1ರ ಆಸುಪಾಸು, ಮರದ ಹೊಟ್ಟಿನಲ್ಲಿ ನೂರಾರಕ್ಕೆ 1. ಕೊರತೆಯನ್ನು ಶಿಲೀಂಧ್ರಗಳು ತಮ್ಮ ಎಳೆಗಳ ಮೂಲಕ ಮಣ್ಣಿನಿಂದ ಎಳೆದು ತುಂಬಿಕೊಳ್ಳುತ್ತವೆ. ಹೊಟ್ಟನ್ನು ಮಣ್ಣಿಗೆ ಬೆರೆಸಿದಾಗ ಅಲ್ಲಿನ ಗಿಡ ಹಳದಿಯಾಗುವುದು ಇದೇ ಕಾರಣಕ್ಕೆ. ಮೇಲೆ ಹೊದಿಸಿದರೆ ಆ ತೊಂದರೆ ಬಹಳ ಕಡಿಮೆ.

ಇಷ್ಟೆಲ್ಲ ಸಾಧ್ಯವಿಲ್ಲದವರಿಗೆ 2013ರಲ್ಲಿ ರೂಪುಗೊಂಡ ಚಹಾ ಚೀಲದ ಪದ್ಧತಿ ಇದೆ: ಗ್ರೀನ್ ಟೀ ಮತ್ತು ರೂಯಿಬೊಸ್ (ದಕ್ಷಿಣ ಆಫ್ರಿಕದ ಒಂದು ಗಿಡದಿಂದ ಮಾಡುವ ಚಹಾ), ಎರಡರ ಚೀಲಗಳನ್ನೂ ತೂಗಿ 8 ಸೆಂ.ಮೀ. ಆಳದಲ್ಲಿ ಹೂತು 90 ದಿನಕ್ಕೆ ತೆಗೆಯುವುದು. ಮೊದಲನೆಯದು ಬೇಗ ಕೊಳೆಯುತ್ತದೆ, ಎರಡನೆಯದು ನಿಧಾನ. ಬೇರೆ ಬೇರೆ ಜಾಗಗಳ ಮಣ್ಣನ್ನು ಹೋಲಿಸಲು ಇದು ಒಳ್ಳೆಯದು, ಆದರೆ ಪ್ರಾಣಿಗಳ ಕೆಲಸ ಇದರಲ್ಲಿ ಕಾಣುವುದಿಲ್ಲ.

ಕೊನೆಯ ಸುತ್ತಿನ ದಿನ ನಕ್ಷೆ ಹಿಡಿದು ಒಂದೊಂದೇ ಚೀಲ ಎಣಿಸಿಕೊಳ್ಳಿ. 75 ಇಟ್ಟಿದ್ದರೆ 75ಕ್ಕೂ ಲೆಕ್ಕ ಸಿಗಬೇಕು, ಮೊಳೆಗಳಿಗೂ ಅಷ್ಟೇ. ನೆಲದಲ್ಲಿ ಮರೆತುಹೋದ ನೈಲಾನ್ ಚೀಲವನ್ನು ನೀವು ಅಳೆದ ಆ ಜೀವಿಗಳಲ್ಲಿ ಯಾವುದೂ ಕರಗಿಸಿಕೊಡುವುದಿಲ್ಲ.